ಗೊತ್ತಿಲ್ಲ ಎಂದರೆ ಹೌದು ಅಲ್ಲ

ನನ್ನ ಬೋಧನಾಭ್ಯಾಸದ ದಿನಚರಿಯಲ್ಲಿ ಒಂದು ಪುಟ ಬಹಳ ದಿನ ಅರ್ಧ ಖಾಲಿಯಾಗಿತ್ತು. ತರಗತಿ, ಅವಧಿ, ಪಾಠದ ಹೆಸರು ಎಲ್ಲ ಬರೆದಿದ್ದೆ. 'ಸ್ವ-ಅವಲೋಕನ' ಎಂಬ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ದಿನಚರಿ ನೋಡಿದ ನಮ್ಮ ಉಪನ್ಯಾಸಕರು ಆ ಜಾಗದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದರು. ಆ ಚಿಹ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವರ್ಷ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ, ಅದರಲ್ಲೂ ನನ್ನ ಹಾಗೆ ಕಂಪ್ಯೂಟರ್ ಬರುತ್ತದೆ ಎಂಬ ಧೈರ್ಯದಲ್ಲಿ ಹೋಗುವವರಿಗೆ, ಇದರಿಂದ ಉಪಯೋಗವಾದರೆ ಸಂತೋಷ.

ನಾನು ಹೋಗಿದ್ದದ್ದು ಒಂದು ಗ್ರಾಮೀಣ ಪ್ರೌಢಶಾಲೆಗೆ. ನನಗೆ ಕೊಟ್ಟಿದ್ದು 9ನೇ ತರಗತಿ, 34 ಮಕ್ಕಳು. ಗಣಿತ ಮತ್ತು ಭೌತವಿಜ್ಞಾನದ ಪಾಠಗಳ ಜೊತೆಗೆ ವಾರಕ್ಕೆರಡು ಕಂಪ್ಯೂಟರ್ ಅವಧಿಗಳೂ ನನ್ನ ಪಾಲಿಗೆ ಬಂದವು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳು ಆರು. ಅವುಗಳಲ್ಲಿ ಒಂದು ಮುಖ್ಯ ಕಂಪ್ಯೂಟರ್, ಉಳಿದ ಐದನ್ನು ವೈರ್ ಎಳೆದು ಅದಕ್ಕೆ ಜೋಡಿಸಿದ್ದರು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು.

ಮೊದಲ ರೂಪಣಾತ್ಮಕ ಮೌಲ್ಯಮಾಪನ ಮುಗಿದು ಅಂಕ ತಿಳಿಸುವ ದಿನ ಬಂತು. ತರಗತಿಯಲ್ಲಿ ಹೆಸರು ಕೂಗಿ ಅಂಕ ಓದುವುದು ಅಲ್ಲಿನ ರೂಢಿ. ನಾನು ಓದುವಾಗಲೂ ಹಾಗೇ ಇತ್ತು. ಏಳನೇ ತರಗತಿಯಲ್ಲಿ ನನ್ನ ಇಂಗ್ಲಿಷ್ ಅಂಕ ಓದಿದಾಗ ಹಿಂದಿನ ಬೆಂಚಿನಿಂದ ಬಂದ ನಗು ಇವತ್ತಿಗೂ ಕಿವಿಯಲ್ಲಿದೆ. ನನ್ನ ಮಕ್ಕಳಿಗೆ ಅದು ಆಗಬಾರದು ಎಂದುಕೊಂಡು ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಮಗು ತನ್ನ ಕ್ರಮಸಂಖ್ಯೆಯನ್ನೂ ನಾನು ಚೀಟಿಯಲ್ಲಿ ಕೊಟ್ಟ ನಾಲ್ಕಂಕಿಯ ಗುಟ್ಟಿನ ಸಂಖ್ಯೆಯನ್ನೂ ಒತ್ತಬೇಕು. ಎರಡೂ ಹೊಂದಿದರೆ ಆ ಮಗುವಿನ ಅಂಕಗಳು ಮತ್ತು ನನ್ನ ಅಭಿಪ್ರಾಯದ ಒಂದು ಸಾಲು ಪರದೆಯ ಮೇಲೆ ಬರುತ್ತವೆ. ಮಾರ್ಗದರ್ಶಕ ಶಿಕ್ಷಕಿಗೆ ತೋರಿಸಿದೆ, ಮೆಚ್ಚಿದರು. ಅಂಕಗಳ ಫೈಲನ್ನು ಆರೂ ಕಂಪ್ಯೂಟರುಗಳಿಗೆ ಹಾಕಿದೆ. ಗುಟ್ಟಿನ ಸಂಖ್ಯೆಗಳ ಫೈಲನ್ನು ಮಾತ್ರ ಮುಖ್ಯ ಕಂಪ್ಯೂಟರಿನಲ್ಲಿ ಇಟ್ಟೆ. ಒಂದೇ ಕಡೆ ಇದ್ದರೆ ಹೆಚ್ಚು ಭದ್ರ ಎಂಬುದು ನನ್ನ ಲೆಕ್ಕ.

ಮೊದಲ ಹತ್ತು ಹನ್ನೆರಡು ಮಕ್ಕಳು ಬಂದು ನೋಡಿಕೊಂಡು ಹೋದರು. ಚೆನ್ನಾಗಿಯೇ ನಡೆಯಿತು. ಆಮೇಲೆ ಕರೆಂಟು ಹೋಯಿತು. ಹತ್ತು ನಿಮಿಷ ಬಿಟ್ಟು ಬಂದಾಗ ಮಕ್ಕಳೇ ಕಂಪ್ಯೂಟರುಗಳನ್ನು ಹಚ್ಚಿ ಪ್ರೋಗ್ರಾಂ ತೆರೆದರು. ಮುಖ್ಯ ಕಂಪ್ಯೂಟರ್ ಹಳೆಯದು, ಅದು ಇನ್ನೂ ಏಳುತ್ತಲೇ ಇತ್ತು. ನಾನು ಅದರ ಮುಂದೆ ಬಗ್ಗಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗನ ದನಿ ಕೇಳಿತು: "ಏ, ಯಾವ ನಂಬರ್ ಒತ್ತಿದ್ರೂ ಬರ್ತದೆ ಕಣ್ರೋ!"

ನಾನು ತಿರುಗಿ ಅಲ್ಲಿಗೆ ಹೋಗುವಷ್ಟರಲ್ಲಿ ಏಳೆಂಟು ಮಕ್ಕಳು ಒಂದೇ ಪರದೆಯ ಮುಂದೆ ಮುತ್ತಿದ್ದರು. ಪರದೆಯ ಮೇಲಿದ್ದದ್ದು ಮೂರನೇ ಬೆಂಚಿನ ಒಬ್ಬ ಹುಡುಗನ ವಿವರ. ಅಂಕಗಳ ಕೆಳಗೆ ನಾನು ಬರೆದಿದ್ದ ಸಾಲು ಹೀಗಿತ್ತು: 'ಒತ್ತಕ್ಷರ ಓದಲು ಬರುವುದಿಲ್ಲ. ಪ್ರತ್ಯೇಕ ಸಹಾಯ ಬೇಕು.' ಒಬ್ಬ ಅದನ್ನು ಗಟ್ಟಿಯಾಗಿ ಓದಿದ. ಆ ಹುಡುಗ ಬಾಗಿಲ ಹತ್ತಿರ ನಿಂತಿದ್ದ. ಅವನು ಏನೂ ಹೇಳಲಿಲ್ಲ, ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಮರುದಿನ, ಅದರ ಮರುದಿನವೂ ಶಾಲೆಗೆ ಬರಲಿಲ್ಲ.

ತಪ್ಪು ಎಲ್ಲಿತ್ತು

ಆ ರಾತ್ರಿ ಹಾಸ್ಟೆಲಿನಲ್ಲಿ ಪ್ರೋಗ್ರಾಂ ತೆರೆದು ಕುಳಿತೆ. ತಪ್ಪು ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಅದನ್ನು ಕನ್ನಡದಲ್ಲಿ ಹೇಳಿದರೆ ನಾಲ್ಕೇ ಸಾಲು. ಒಂದು: ಒಳಗೆ ಬಿಡಬಹುದು ಎಂದುಕೋ. ಎರಡು: ಗುಟ್ಟಿನ ಸಂಖ್ಯೆಗಳ ಫೈಲ್ ತೆರೆ. ಮೂರು: ಮಗು ಒತ್ತಿದ ಸಂಖ್ಯೆ ಹೊಂದದಿದ್ದರೆ, ಬಿಡಬೇಡ. ನಾಲ್ಕು: ನಡುವೆ ಏನಾದರೂ ದೋಷ ಬಂದರೆ, ಅದನ್ನು ಲೆಕ್ಕಿಸದೆ ಮುಂದೆ ಹೋಗು.

ನಾಲ್ಕನೆಯ ಸಾಲನ್ನು ಯಾಕೆ ಬರೆದೆ ಎಂಬುದೂ ನೆನಪಾಯಿತು. ಪ್ರೋಗ್ರಾಂ ಬರೆಯುವಾಗ ಪದೇ ಪದೇ ಕೆಂಪು ಅಕ್ಷರದಲ್ಲಿ ದೋಷ ಸೂಚನೆ ಬರುತ್ತಿತ್ತು. ಮಕ್ಕಳ ಮುಂದೆ ಅದು ಬಂದರೆ ನನಗೆ ಅವಮಾನ ಎಂದು ಅದರ ಬಾಯಿ ಮುಚ್ಚಿಸಿದ್ದೆ. ಮುಖ್ಯ ಕಂಪ್ಯೂಟರ್ ಏಳುವ ಮೊದಲು ಫೈಲ್ ಸಿಗಲಿಲ್ಲ, ದೋಷ ಬಂತು. ಹೊಂದಿತೋ ಇಲ್ಲವೋ ಎಂದು ನೋಡುವ ಸಾಲಿನವರೆಗೆ ಪ್ರೋಗ್ರಾಂ ತಲುಪಲೇ ಇಲ್ಲ. ಮೊದಲ ಸಾಲಿನ 'ಬಿಡಬಹುದು' ಹಾಗೇ ಉಳಿಯಿತು.

ನಾನು ಪ್ರೋಗ್ರಾಮನ್ನು ಪರೀಕ್ಷಿಸಿರಲಿಲ್ಲ ಎಂದಲ್ಲ. ಸರಿಯಾದ ಸಂಖ್ಯೆ ಒತ್ತಿ ನೋಡಿದ್ದೆ, ಒಳಗೆ ಬಿಟ್ಟಿತು. ತಪ್ಪು ಸಂಖ್ಯೆ ಒತ್ತಿ ನೋಡಿದ್ದೆ, ಬಿಡಲಿಲ್ಲ. ಎರಡೂ ಪರೀಕ್ಷೆ ಎಲ್ಲವೂ ನೆಟ್ಟಗೆ ನಡೆಯುತ್ತಿದ್ದಾಗ ಮಾಡಿದವು. ಕೆಟ್ಟಾಗ ಅದು ಏನು ಮಾಡುತ್ತದೆ ಎಂದು ಕೇಳಿಯೇ ಇರಲಿಲ್ಲ. ಹೌದು, ಇಲ್ಲ ಎಂಬ ಎರಡು ಉತ್ತರಗಳಿಗೆ ಸಿದ್ಧಳಾಗಿದ್ದೆ. 'ಗೊತ್ತಿಲ್ಲ' ಎಂಬ ಮೂರನೆಯ ಉತ್ತರ ಬಂದಾಗ ನನ್ನ ಪ್ರೋಗ್ರಾಂ ಅದನ್ನು 'ಹೌದು' ಎಂದು ಎಣಿಸಿತು.

ಇದು ಹೊಸ ತಪ್ಪಲ್ಲ ಎಂಬುದು ಓದಿದ ಮೇಲೆ ಗೊತ್ತಾಯಿತು. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ಇಬ್ಬರು 1975ರಲ್ಲಿ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಕಾಪಾಡುವ ಬಗ್ಗೆ ಬರೆದ ಪ್ರಬಂಧದಲ್ಲಿ ಎಂಟು ವಿನ್ಯಾಸ ತತ್ವಗಳನ್ನು ಕೊಟ್ಟಿದ್ದಾರೆ. ಅದರಲ್ಲಿ ಒಂದರ ಸಾರ ಇದು: ಯಾರನ್ನು ತಡೆಯಬೇಕು ಎಂದು ಪಟ್ಟಿ ಮಾಡಬೇಡಿ, ಯಾರನ್ನು ಬಿಡಬೇಕು ಎಂದು ಪಟ್ಟಿ ಮಾಡಿ, ಏನೂ ಹೇಳದಿದ್ದಾಗ ಉತ್ತರ 'ಬೇಡ' ಎಂದೇ ಇರಲಿ. ಈ ಯೋಚನೆಯನ್ನು 1965ರಲ್ಲೇ ಗ್ಲೇಸರ್ ಎಂಬುವರು ಸೂಚಿಸಿದ್ದರೆಂದೂ ಅದರಲ್ಲಿ ಹೇಳಿದೆ. ನನ್ನ ಮೊದಲ ಸಾಲು ಇದಕ್ಕೆ ಸರಿಯಾಗಿ ತಲೆಕೆಳಗಾಗಿತ್ತು.

ಮಾರನೆಯ ದಿನ ಸರಿಪಡಿಸಿದ ಪ್ರೋಗ್ರಾಂ ತೆಗೆದುಕೊಂಡು ಮಾರ್ಗದರ್ಶಕ ಶಿಕ್ಷಕಿಯ ಬಳಿ ಹೋದೆ. ಅವರು ಅದರ ಕಡೆ ನೋಡಲೇ ಇಲ್ಲ. "ಅದು ಆಮೇಲೆ. ಮೊದಲು ಆ ಹುಡುಗನ ಮನೆಗೆ ಹೋಗಿ ಬನ್ನಿ" ಎಂದರು. ಎರಡನೆಯ ದಿನ ಸಂಜೆ ಹೋದೆ. ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ತಪ್ಪು ನನ್ನದು ಎಂದೆ. ಅದು ಹೇಗಾಯಿತು ಎಂದು ಹೇಳಿದೆ. ಆ ಸಾಲನ್ನು ಅಳಿಸಿದ್ದೇನೆ ಎಂದೂ ಹೇಳಿದೆ.

"ನೋಡಿದವರು ನೋಡಿಬಿಟ್ರಲ್ಲ ಮಿಸ್" ಎಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅಂಕವಾದರೆ ಮುಂದಿನ ಪರೀಕ್ಷೆಯಲ್ಲಿ ಬದಲಾಗುತ್ತದೆ. ನನ್ನ ಟಿಪ್ಪಣಿ ಅವನ ಬಗ್ಗೆ ನಾನು ಕೊಟ್ಟ ತೀರ್ಪಿನ ಹಾಗೆ ಎಲ್ಲರಿಗೂ ತಲುಪಿತ್ತು. ಅದು ಅಲ್ಲಿ ಇರುವ ಅಗತ್ಯವಾದರೂ ಏನಿತ್ತು? ನನ್ನ ಪುಸ್ತಕದಲ್ಲಿ ಇರಬೇಕಾದದ್ದನ್ನು ಆರು ಕಂಪ್ಯೂಟರುಗಳಿಗೆ ಹಂಚಿದ್ದೆ. ಬಾಗಿಲು ಮುರಿದರೂ ಒಳಗೆ ಇಲ್ಲದ ವಸ್ತು ಕಳುವಾಗುವುದಿಲ್ಲ. ಬೀಗದ ಬಗ್ಗೆ ಯೋಚಿಸಿದಷ್ಟೇ, ಒಳಗೆ ಏನೇನು ಇಡುತ್ತಿದ್ದೇನೆ ಎಂದೂ ಯೋಚಿಸಬೇಕಿತ್ತು. ಮೂರನೆಯ ದಿನ ಅವನು ಶಾಲೆಗೆ ಬಂದ.

ತರಗತಿಯಲ್ಲಿ

ಮುಂದಿನ ವಾರದ ಎರಡು ಕಂಪ್ಯೂಟರ್ ಅವಧಿಗಳಿಗೆ ಬೇರೆ ಪಾಠಯೋಜನೆ ಸಿದ್ಧವಿತ್ತು. ಅದನ್ನು ಬದಿಗಿಟ್ಟು, 'ಕೆಟ್ಟಾಗ ಏನಾಗಬೇಕು?' ಎಂಬ ಪ್ರಶ್ನೆಯನ್ನೇ ಪಾಠ ಮಾಡಿದೆ. ಆ ಹುಡುಗನ ವಿಷಯ ಎತ್ತಲಿಲ್ಲ. "ನನ್ನ ಪ್ರೋಗ್ರಾಂ ತಪ್ಪಿತ್ತು. ಅದು ನಿಮ್ಮ ಗುಟ್ಟನ್ನು ಕಾಪಾಡಲಿಲ್ಲ. ತಪ್ಪು ಎಲ್ಲಿತ್ತು ಎಂದು ನೀವೇ ಹುಡುಕುವ ಹಾಗೆ ಮಾಡುತ್ತೇನೆ" ಎಂದಷ್ಟೇ ಹೇಳಿದೆ. ಶಿಕ್ಷಕಿ ತಪ್ಪು ಒಪ್ಪಿಕೊಂಡರೆ ಹಿಡಿತ ಹೋಗುತ್ತದೆ ಎಂದು ನನ್ನ ಸಹಪಾಠಿಗಳು ಎಚ್ಚರಿಸಿದ್ದರು. ನಡೆದದ್ದು ಬೇರೆ. ಅಷ್ಟು ನಿಶ್ಶಬ್ದವಾಗಿ ಆ ತರಗತಿ ನನ್ನ ಮಾತು ಕೇಳಿದ್ದು ಅದೇ ಮೊದಲು.

ಶುರು ಮಾಡಿದ್ದು ರೈಲಿನ ಬ್ರೇಕಿನಿಂದ. ಓಡುವ ರೈಲಿನ ನಡುವೆ ಕೊಂಡಿ ಕಳಚಿ ಹಿಂದಿನ ಬೋಗಿಗಳು ಬೇರೆಯಾದರೆ ಅವು ನಿಲ್ಲುತ್ತವೆಯೇ? ಹೆಚ್ಚಿನವರು ಇಲ್ಲ ಎಂದರು. ಇಂಜಿನ್ನೇ ಇಲ್ಲದ ಮೇಲೆ ಬ್ರೇಕ್ ಹಿಡಿಯುವವರು ಯಾರು ಎಂಬುದು ಅವರ ತರ್ಕ. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಮಾಡಿದ ಮೊದಲ ಗಾಳಿ ಬ್ರೇಕ್ ಹಾಗೇ ಇತ್ತು. ಕೊಳವೆಯಲ್ಲಿ ಗಾಳಿ ಕಳಿಸಿದರೆ ಬ್ರೇಕ್ ಹಿಡಿಯುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇಲ್ಲ. 1872ರಲ್ಲಿ ಅವರು ಅದನ್ನು ತಿರುಗಿಸಿದರು. ಪ್ರತಿ ಬೋಗಿಗೂ ಗಾಳಿ ತುಂಬಿದ ಅದರದೇ ತೊಟ್ಟಿ ಕೊಟ್ಟರು. ಉದ್ದದ ಕೊಳವೆಯಲ್ಲಿ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ಹಿಡಿಯುತ್ತದೆ. ಕೊಂಡಿ ಕಳಚಿ ಕೊಳವೆ ಹರಿದರೆ ಎರಡೂ ತುಂಡುಗಳು ತಾವಾಗಿ ನಿಲ್ಲುತ್ತವೆ. ನಮ್ಮ ರೈಲುಗಳಲ್ಲಿ ಆ ಕೊಳವೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ. "ಹಾಗಾದ್ರೆ ಚೈನ್ ಎಳೆದಾಗಲೂ ಗಾಳೀನೇ ಹೋಗೋದಾ ಮಿಸ್?" ಎಂದು ಒಬ್ಬಳು ಕೇಳಿದಳು. ಹೌದು, ಅದೇ. ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದೆ: 'ನಿಲ್ಲಲು ಅಪ್ಪಣೆ ಬೇಡ, ಓಡಲು ಅಪ್ಪಣೆ ಬೇಕು.'

ನಂತರ ಒಂದು ಆಟ. ಗುಂಪಿಗೊಬ್ಬ ಕಾವಲುಗಾರ, ಅವನ ಕೈಯಲ್ಲಿ ಐದು ಹೆಸರುಗಳ ಚೀಟಿ. ಹೆಸರಿದ್ದವರನ್ನು ಬಿಡಬೇಕು, ಇಲ್ಲದವರನ್ನು ತಡೆಯಬೇಕು. ಎರಡು ನಿಮಿಷ ಆಡಿಸಿ, ಹೇಳದೆ ಕೇಳದೆ ಚೀಟಿ ಕಿತ್ತುಕೊಂಡೆ. ಒಬ್ಬ ಕಾವಲುಗಾರ "ಚೀಟಿ ಇಲ್ಲ, ಎಲ್ಲಾ ಬರ್ರೋ" ಎಂದ. ಇನ್ನೊಬ್ಬಳು ಕೈ ಅಡ್ಡ ಹಿಡಿದು "ಚೀಟಿ ಬರೋವರೆಗೂ ಯಾರೂ ಬೇಡ" ಎಂದಳು. ಮೂರನೆಯವನು ನೆನಪಿನಿಂದ ಬಿಡಲು ಹೋಗಿ ತನ್ನ ಗೆಳೆಯರನ್ನಷ್ಟೇ ಬಿಟ್ಟ. ಆಮೇಲೆ ನನ್ನ ನಾಲ್ಕು ಸಾಲುಗಳನ್ನು ಹಲಗೆಯ ಮೇಲೆ ಬರೆದು, ಇದು ಯಾವ ಕಾವಲುಗಾರ ಎಂದು ಕೇಳಿದೆ. "ಮೊದಲನೆಯವನು!" ಎಂದು ಇಡೀ ತರಗತಿ ಕೂಗಿತು. ಹೇಗೆ ಸರಿ ಮಾಡುವುದು ಎಂದಾಗ, ಮೊದಲ ಸಾಲನ್ನು 'ಬಿಡಬೇಡ' ಎಂದು ಬದಲಿಸಿ, ಎಲ್ಲ ಹೊಂದಿದ ಮೇಲೆ ಮಾತ್ರ 'ಬಿಡು' ಎನ್ನಬೇಕು ಎಂದು ಅವರೇ ಹೇಳಿದರು.

ಇಂಥ ತಪ್ಪು ದೊಡ್ಡವರೂ ಮಾಡುತ್ತಾರೆಯೇ ಎಂದು ಒಬ್ಬ ಕೇಳಿದ. ಓಪನ್‌ಎಸ್‌ಎಸ್‌ಎಲ್ ಕಥೆ ಹೇಳಿದೆ. ನಾವು ತೆರೆದ ತಾಣ ನಿಜವಾಗಿ ಅದೇ ತಾಣವೇ ಎಂದು ಅದರ ಸಹಿ ನೋಡಿ ಪರಿಶೀಲಿಸುವ ಕೆಲಸವನ್ನು ಎಷ್ಟೋ ಕಡೆ ಈ ತಂತ್ರಾಂಶ ಮಾಡುತ್ತದೆ. ಅದರಲ್ಲಿ ಸಹಿ ಪರಿಶೀಲಿಸುವ ಭಾಗ ಮೂರು ಉತ್ತರ ಕೊಡುತ್ತಿತ್ತು: ಸಹಿ ಸರಿಯಿದ್ದರೆ 1, ತಪ್ಪಿದ್ದರೆ 0, ಪರಿಶೀಲಿಸಲಾಗದೆ ದೋಷ ಬಂದರೆ -1. ಆ ಉತ್ತರ ಪಡೆಯುವ ಭಾಗ ಸೊನ್ನೆಯೋ ಅಲ್ಲವೋ ಎಂದಷ್ಟೇ ನೋಡುತ್ತಿತ್ತು. -1 ಸೊನ್ನೆಯಲ್ಲವಲ್ಲ! ಕೆಲವು ಬಗೆಯ ಕೀಲಿಗಳ ವಿಷಯದಲ್ಲಿ, ಬೇಕೆಂದೇ ಕೆಡಿಸಿದ ಸಹಿಯನ್ನು ಕಳಿಸಿದರೆ ಅದು ಒಪ್ಪಿಗೆಯಾಗುತ್ತಿತ್ತು. 2009ರ ಜನವರಿಯಲ್ಲಿ ಈ ದೋಷವನ್ನು ಪ್ರಕಟಿಸಿ ಸರಿಪಡಿಸಿದರು. 2014ರ ಫೆಬ್ರವರಿಯಲ್ಲಿ ಆಪಲ್ ಫೋನುಗಳಿಗೆ ಬಂದ ತಿದ್ದುಪಡಿಯದೂ ಇದೇ ಜಾತಿ. ಒಂದು ಸಾಲು ತಪ್ಪಾಗಿ ಎರಡು ಸಲ ಬಿದ್ದು, ಸಹಿ ನೋಡುವ ಹಂತವನ್ನೇ ಹಾರಿಸಿ, ಎಲ್ಲ ಸರಿಯಿದೆ ಎಂಬ ಉತ್ತರ ಹೋಗುತ್ತಿತ್ತು. ಗಣಿತದ ಅವಧಿಯಲ್ಲಿ ಋಣ ಸಂಖ್ಯೆಗಳೆಂದರೆ ಮುಖ ಸಿಂಡರಿಸುವವರು -1ರ ಕಥೆಯನ್ನು ಕಣ್ಣರಳಿಸಿ ಕೇಳಿದರು.

ಅಜ್ಜಿಯ ಬೆರಳು

ನನ್ನ ಯೋಜನೆಯಲ್ಲಿ ಪಾಠ ಅಲ್ಲಿಗೆ ಮುಗಿಯಬೇಕಿತ್ತು. 'ಅನುಮಾನ ಬಂದರೆ ಬೇಡ ಎನ್ನು' ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು.

"ಮಿಸ್, ರೇಷನ್ ಅಂಗಡೀಲಿ ನಮ್ಮ ಅಜ್ಜಿ ಬೆರಳು ತಗೊಳ್ಳಲ್ಲ. ಕೆಲ್ಸ ಮಾಡಿ ಮಾಡಿ ಸವೆದು ಹೋಗಿದೆ. ಮಿಷಿನ್ನು 'ಬೇಡ' ಅಂದ್ರೆ ಅಕ್ಕಿ ಇಲ್ಲ. ಅದೂ ಸರೀನಾ?"

ನಾನು ಸೀಮೆಸುಣ್ಣ ಹಿಡಿದೇ ನಿಂತೆ. ಇನ್ನೊಬ್ಬ ಹೇಳಿದ: "ಸರ್ವರ್ ಇಲ್ಲ ಅಂದ್ರೆ ನಾಳೆ ಬಾ ಅಂತಾರೆ ಮಿಸ್. ನಾಳೆ ಅಂದ್ರೆ ಅಪ್ಪನ ಒಂದಿನದ ಕೂಲಿ ಹೋಯ್ತು." ಒಟಿಪಿ ಬರುವುದಿಲ್ಲವೇ ಎಂದೆ. "ಅದು ಮಾವನ ಮೊಬೈಲಿಗೆ ಬರ್ತದೆ. ಮಾವ ಬೆಂಗಳೂರಲ್ಲಿದ್ದಾರೆ" ಎಂದಳು ಆ ಹುಡುಗಿ.

ಉಳಿದ ಇಪ್ಪತ್ತು ನಿಮಿಷ ನಾನು ಪಾಠ ಮಾಡಲಿಲ್ಲ, ಅವರು ಮಾಡಿದರು. ನನ್ನ ಅಂಕಪಟ್ಟಿ, ಬ್ಯಾಂಕಿನ ತಿಜೋರಿ, ಬೆಂಕಿ ಬಿದ್ದ ಸಿನಿಮಾ ಮಂದಿರದ ಬಾಗಿಲು, ರೇಷನ್ ಅಂಗಡಿಯ ಯಂತ್ರ ಎಂದು ನಾಲ್ಕು ಹೆಸರು ಬರೆದು, ಕರೆಂಟು ಹೋದಾಗ ಯಾವುದು ಮುಚ್ಚಿರಬೇಕು, ಯಾವುದು ತೆರೆದಿರಬೇಕು ಎಂದು ಚರ್ಚಿಸಲು ಬಿಟ್ಟೆ. ತಿಜೋರಿ ಮುಚ್ಚಿರಬೇಕು, ಸಿನಿಮಾ ಬಾಗಿಲು ತೆರೆಯಬೇಕು ಎಂಬುದರಲ್ಲಿ ಜಗಳವಿರಲಿಲ್ಲ. ಬಾಗಿಲು ಮುಚ್ಚಿದರೆ ಯಾರಿಗೆ ನಷ್ಟ, ತೆರೆದರೆ ಯಾರಿಗೆ ನಷ್ಟ, ಆಮೇಲೆ ಸರಿಪಡಿಸಲಾಗದ ನಷ್ಟ ಯಾವುದು ಎಂದು ಅವರೇ ಅಳೆಯತೊಡಗಿದರು. ರೇಷನ್ ಅಂಗಡಿಯಲ್ಲಿ ಮಾತ್ರ ತರಗತಿ ಎರಡಾಯಿತು. ಯಾರು ಬಂದರೂ ಕೊಟ್ಟರೆ ಅಜ್ಜಿಯ ಅಕ್ಕಿಯನ್ನು ಬೇರೆಯವರು ಒಯ್ಯುತ್ತಾರೆ. ಕೊಡದಿದ್ದರೆ ಅಜ್ಜಿಗೇ ಇಲ್ಲ. ಕೊನೆಗೆ ಒಂದು ಗುಂಪು ಬರೆದುಕೊಟ್ಟದ್ದು ಇದು: ಯಂತ್ರ 'ಬೇಡ' ಎನ್ನಲಿ, ಆದರೆ ಅಂಗಡಿಯವರ ಬಳಿ ಒಂದು ಪುಸ್ತಕವಿರಲಿ, ಕಾರ್ಡ್ ನೋಡಿ, ಊರಿನ ಇಬ್ಬರ ಸಾಕ್ಷಿ ಹಾಕಿಸಿ ಕೊಡಲಿ, ಆಮೇಲೆ ಆ ಪುಸ್ತಕವನ್ನು ಮೇಲಿನವರು ನೋಡಲಿ.

ಯಾರು ಒಪ್ಪಿದರು ಎಂದು ಹೆಸರು ಉಳಿಯುವ ಎರಡನೆಯ ದಾರಿ ಅದು. ಹಲಗೆಯ ಮೇಲಿದ್ದ ನನ್ನ ವಾಕ್ಯದ ಮುಂದೆ ಸೇರಿಸಿದೆ: 'ಅನುಮಾನ ಬಂದರೆ ಬೇಡ ಎನ್ನು, ಎಲ್ಲಿಗೆ ಹೋಗಿ ಕೇಳಬೇಕು ಎಂದೂ ಹೇಳು.' ಸುರಕ್ಷತೆ ಎಂದರೆ ಬೀಗ ಎಂದಷ್ಟೇ ನಾನು ತಿಳಿದಿದ್ದೆ. ಆ ಹುಡುಗಿ ಕೈ ಎತ್ತದಿದ್ದರೆ ಅರ್ಧ ಪಾಠವನ್ನೇ ಪೂರ್ತಿ ಪಾಠ ಎಂದು ಕಲಿಸಿ ಬರುತ್ತಿದ್ದೆ.

ವೈರ್ ಕಿತ್ತು ನೋಡಿದ್ದು

ಬೋಧನಾಭ್ಯಾಸದ ಕೊನೆಯ ವಾರ ಎರಡನೆಯ ಮೌಲ್ಯಮಾಪನದ ಅಂಕ ತಿಳಿಸಬೇಕಿತ್ತು. ತಿದ್ದಿದ ಪ್ರೋಗ್ರಾಮಿನಲ್ಲಿ ಅಭಿಪ್ರಾಯದ ಸಾಲೇ ಇರಲಿಲ್ಲ, ಅಂಕ ಮಾತ್ರ. ಬಳಸುವ ಮುಂಚೆ ಯಾರಾದರೂ ಇದನ್ನು ಕೆಡಿಸಿ ನೋಡಿ ಎಂದು ತರಗತಿಯಲ್ಲಿ ಹೇಳಿದೆ. ಶಾಲೆ ಬಿಟ್ಟ ಮೇಲೆ ನಾಲ್ಕೈದು ಮಕ್ಕಳು ಬಂದರು. ಅವರ ಹಿಂದೆ ಆ ಹುಡುಗನೂ ಬಂದು ನಿಂತ. ಉಳಿದವರು ಏನೇನೋ ಸಂಖ್ಯೆ ಒತ್ತುತ್ತಿದ್ದರು. ಅವನು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿ, "ವೈರ್ ಕಿತ್ತು ನೋಡ್ಲಾ ಮಿಸ್?" ಎಂದ. ನೋಡು ಎಂದೆ. ಕಿತ್ತ. ತನ್ನ ಕ್ರಮಸಂಖ್ಯೆಯನ್ನೇ ಒತ್ತಿ, ಬಾಯಿಗೆ ಬಂದ ನಾಲ್ಕಂಕಿ ಹಾಕಿದ. ಅಂಕ ಬರಲಿಲ್ಲ. ನಾನು ಬರೆದಿದ್ದ ಸೂಚನೆ ಬಂತು: 'ಗುಪ್ತಸಂಖ್ಯೆಯನ್ನು ಪರೀಕ್ಷಿಸಲು ಸಾಧ್ಯವಾಗುತ್ತಿಲ್ಲ. ಶಿಕ್ಷಕಿಯನ್ನು ಸಂಪರ್ಕಿಸಿ.'

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ತುಟಿ ಅಲ್ಲಾಡುತ್ತಿತ್ತು. "ಏನಂತಿದೆ ಮಿಸ್?" ಎಂದ. ಆಗ ನನಗೆ ಹೊಳೆಯಿತು. ಐದು ಪದಗಳಲ್ಲಿ ಒತ್ತಕ್ಷರವಿಲ್ಲದ್ದು ಒಂದೂ ಇಲ್ಲ. ಯಾರ ಸಲುವಾಗಿ ಪ್ರೋಗ್ರಾಂ ತಿದ್ದಿದ್ದೆನೋ ಅವನೇ ಓದಲಾರದ ಸೂಚನೆ ಬರೆದಿದ್ದೆ. ಅಲ್ಲೇ ಕುಳಿತು ಬದಲಿಸಿದೆ: 'ಈಗ ಆಗದು. ಬಂದು ಮಿಸ್ ಬಳಿ ಕೇಳಿ.' ಅವನು ಮತ್ತೆ ವೈರ್ ಕಿತ್ತು, ಸಂಖ್ಯೆ ಒತ್ತಿ, ಈ ಸಲ ತಾನೇ ಓದಿದ. ಆಮೇಲೆ ವೈರನ್ನು ಹಿಂದಕ್ಕೆ ಚುಚ್ಚಿ ಮನೆಗೆ ಹೋದ. ಅವನು ನನ್ನನ್ನು ಕ್ಷಮಿಸಿದನೆಂದು ಹೇಳಲಾರೆ. ಸಹಾಯದ ಓದು ಶುರುವಾಗಿದೆ, ಅದನ್ನು ಮಾರ್ಗದರ್ಶಕ ಶಿಕ್ಷಕಿ ಮುಂದುವರಿಸುತ್ತಿದ್ದಾರೆ.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಕಲಿಕಾಂಶ, ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿವೆ. ಎಲ್ಲವೂ ಪಾಠ ಅಂದುಕೊಂಡಂತೆ ನಡೆದರೆ ಏನಾಗುತ್ತದೆ ಎಂದು ಹೇಳುತ್ತವೆ. ನಾನು ಈಗ ಪುಟದ ಬಲಗಡೆ ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದು 'ಕೆಟ್ಟರೆ?' ಎಂದು ಬರೆದುಕೊಳ್ಳುತ್ತೇನೆ. ಅದರ ಕೆಳಗೆ ಮೂರೇ ಪ್ರಶ್ನೆ: ಇದು ಕೆಟ್ಟರೆ ನೋವು ಯಾರಿಗೆ? ಕೆಟ್ಟದ್ದು ನನಗೆ ಗೊತ್ತಾಗುತ್ತದೆಯೇ, ಅಥವಾ ಅದರ ಬಾಯಿ ಮುಚ್ಚಿಸಿದ್ದೇನೆಯೇ? ಆ ಹೊತ್ತಿನಲ್ಲಿ ಮಗು ಯಾರ ಬಳಿಗೆ ಹೋಗಬೇಕು? ಕಳೆದ ವಾರ ಟೀಕಾಪಾಠಕ್ಕೆ ಬಂದ ಉಪನ್ಯಾಸಕರು ಆ ಗೆರೆಯನ್ನು ನೋಡಿದರು. ಏನೂ ಹೇಳಲಿಲ್ಲ, ಅಳಿಸಲೂ ಇಲ್ಲ.